ಬೋರ್ಡಿನ ಮ್ಯಾಲೆ ಓಡಿದ ಹರಕಿ

ನಾ ಯಾವ ಅಂಗಡಿಗಿ ಹೋದ್ರೂ ಒಂದಿಲ್ಲೊಂದು ಫಜೀತಿ ತಪ್ಪಿದ್ದಲ್ರಿ. ಅಂಗಡಿ ಮುಂದ ಕೆಂಪು ಅಕ್ಷರ ಓಡೂ ಬೋರ್ಡ್ ಹಚ್ಚೂದು ನನ್ನ ಕೆಲಸ. ಲ್ಯಾಪ್‌ಟಾಪಿನಾಗ ನಾಕು ಸಾಲು ಪೈಥಾನ್ ಕೋಡ್ ಬರದು, ವಾಯರಿನಾಗ ಬೋರ್ಡಿಗೆ ಕಳಿಸಿದ್ರ ಮುಗೀತು. ಟೆಸ್ಟ್ ಮಾಡೂ ಮುಂದ ತಲಿಯಾಗ ಏನಿರ್ತೈತೋ ಅದನ್ನ ಟೈಪ್ ಹೊಡಿಯೂದು ನನ್ನ ಕೆಟ್ಟ ಚಾಳಿ.

ಬ್ಯಾಡಗಿ

ಮೆಣಸಿನಕಾಯಿ ಅಂಗಡಿ. ಘಾಟಿಗೆ ಸೀನಿ ಸೀನಿ ಸಾಕಾಗಿ, "ಒಂದು ಚಾ ಸಿಕ್ರ ಬದಕೇನಿ" ಅಂತ ಹೊಡದೆ. ಸಾವಕಾರ್ರು ಓದಿ, ಗಾಬರಿಯಾಗಿ ಲ್ಯಾಪ್‌ಟಾಪಿನ ವಾಯರ್ ಕಿತ್ತರು. ಅಕ್ಷರ ಹಂಗ ಓಡಾಕತ್ತಿದ್ವು!

"ಕಡೀಕ ಬಂದದ್ದನ್ನ ಬೋರ್ಡ್ ನೆನಪಿಟ್ಕೊಂತೈತ್ರಿ. ಹೊಸಾದು ಕಳಿಸೂ ಮಟಾ ಹಳೇದು ಹೋಗೂದಿಲ್ಲ" ಅಂತ ದೊಡ್ಡ ಪಂಡಿತನಂಗ ಪಾಠ ಹೇಳಿದೆ. ಅಷ್ಟರಾಗ ಎದುರಿನ ಚಾದಂಗಡಿಯಂವ ಬೋರ್ಡ್ ಓದಿ, ಹಮಾಲ್ರಿಗೆಲ್ಲಾ ಚಾ ತಂದು ರೊಕ್ಕಕ್ಕ ನಿಂತಿದ್ದ.

ಸಾವಕಾರ್ರು ಕೈ ಮುಗದ್ರು: "ತಮ್ಮಾ, ಮುಂದಿನ ಸಲ ಊಟಾ ಅಂತ ಹೊಡೀಬ್ಯಾಡಪಾ!"

ಹಾವೇರಿ

ಅರಿವಿ ಅಂಗಡಿ. ಚಾಲೂ ಮಾಡೂಕಿಂತ ಮೊದಲ ಪೂಜಿ ಆಗಬೇಕಂದ್ರು ಮಾಲಕರ ತಾಯಿ. ಪೂಜಿ ಆತು, ಬೋರ್ಡ್ ಮಾತ್ರ ಚಾಲೂ ಆಗಲಿಲ್ಲ. ನೋಡಿದ್ರ ವಾಯರ್ ಹಚ್ಚೂ ತೂತಿನ ತುಂಬ ಕುಂಕುಮ!

"ಅವ್ವಾರ, ಅಲ್ಲ್ಯಾಕ ಹಾಕಿದ್ರಿ?"

"ಅಕ್ಷರ ಅಲ್ಲಿಂದ ಬರ್ತಾವಂತ ನೀನ ಅಂದ್ಯಲ್ಲೋ. ಮತ್ತ ಸರಸ್ವತಿ ಅಲ್ಲಿ ಬಿಟ್ಟು ಸ್ಕ್ರೂದಾಗ ಇರ್ತಾಳೇನು?"

ರಾಣೇಬೆನ್ನೂರು

ಇದು ನನ್ನ ಲಗ್ನದ ಪ್ರಶ್ನೆ. ನನಗ ಮೂವತ್ತಾರು. ಎಷ್ಟೋ ಹೆಣ್ಣಿನ ಕಡಿಯವರು "ಇದೆಂಥಾ ನೌಕರಿ?" ಅಂತ ಎದ್ದು ಹೋಗಿದ್ರು. ಮೇಡ್ಲೇರಿಯ ಟೀಚರೊಬ್ಬಾಕಿ ಮನಸಿಗೆ ಬಂದಿದ್ಲು. ಆಕಿ ಅಪ್ಪಾರು, "ಮೊದಲ ನಿಮ್ಮ ಕೆಲಸಾ ನೋಡ್ತೇವಿ" ಅಂದ್ರು. ನಾ ಬೋರ್ಡ್ ಹಚ್ಚಾಕ ಹೊಂಟಿದ್ದ ಬೀಜದ ಅಂಗಡಿಗೇ ಬರ್ರಿ ಅಂದೆ.

ಅವತ್ತು ಇದ್ದಷ್ಟು ಕೂದಲಿಗೆ ಎಣ್ಣಿ ಹಚ್ಚಿ, ಅಡ್ಡಾಗಿ ಬಾಚಿ ಹೋಗಿದ್ದೆ. ಟೆಸ್ಟ್ ಹೊಡದೆ: "ಟೀಚರ್ ಒಪ್ಪಿದ್ರ ದೇವರಗುಡ್ಡದ ಮೈಲಾರಪ್ಪಗ ತಲಿಕೂದಲಾ ಕೊಡ್ತೇನಿ." ಆಗ ಫೋನ್ ಬಂತು, ಅವರು ಬಸ್ ಇಳಿದಿದ್ರು. ಲಗೂನ ವಾಯರ್ ಕಿತ್ತು ಓಡಿದೆ. ಬ್ಯಾಡಗ್ಯಾಗ ಹೇಳಿದ ಪಾಠಾ ನನಗ ನೆನಪಿರಲಿಲ್ಲ ನೋಡ್ರಿ!

ಅವರನ್ನ ಕರಕೊಂಡು ಬಂದ್ರ ಅಂಗಡಿ ಮುಂದ ಜಾತ್ರಿ. ಅಪ್ಪಾರು ಬೋರ್ಡನ್ನ ಎರಡು ಸಲ ಗಟ್ಟಿಯಾಗಿ ಓದಿದ್ರು. ಇದೂ ಹೋತು ಅಂದ್ಕೊಂಡೆ.

ಟೀಚರ್ ಸೀದಾ ಒಳಗ ಬಂದು ಲ್ಯಾಪ್‌ಟಾಪ್ ಮುಂದ ಕುಂತ್ಲು. "ಎಲ್ಲಿ ಹೊಡೀಬೇಕ್ರಿ?"

ವಾಯರ್ ಹಚ್ಚಿ ತೋರಿಸಿದೆ. ಆಕಿ ಹೊಡದ್ಲು. ಹೊರಗ ಮಂದಿ ಹೋ ಅಂತ ನಕ್ಕರು. ಓಡಿ ಹೋಗಿ ನೋಡಿದ್ರ, ಕೆಂಪು ಅಕ್ಷರ ಸಾವಕಾಶ ಬರಾಕತ್ತಿದ್ವು:

"ಒಪ್ಪೇನಿ. ಆದ್ರ ಇರೂ ನಾಕು ಕೂದಲಾ ಮೈಲಾರಪ್ಪಗ ಕೊಟ್ರ ನನಗೇನು ಉಳೀತೈತ್ರಿ?"