ಕಿವಿಗೆ ಕಿವಿ ತಾಗಿದ ಕಪ್ತಾನ

ಎಲ್ಲ ಶುರುವಾದದ್ದು ಒಂದು ಬೀರುವಿನ ಬೀಗದಿಂದ. ಬೀರುವಿನೊಳಗೆ ಇದ್ದದ್ದು ಕಚೇರಿಯ ಗೋಡೆಗೆ ಟೈಲುಗಳಲ್ಲಿ ಮೂಡಿಸಬೇಕಿದ್ದ ಚಿತ್ರದ ನಕಲು. ಪಕ್ಕದ ಊರಿನವರು ಅದನ್ನು ನೋಡಿ ತಮ್ಮ ಗೋಡೆಗೂ ಅಂಟಿಸಿಕೊಂಡುಬಿಟ್ಟಾರು ಎಂದು ಬೀಗ ಹಾಕಿದವರು ನಗರ ಕಚೇರಿಯ ಸಾಹೇಬರು. ಪಕ್ಕದ ಊರಿನವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲವಲ್ಲ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಸಾಹೇಬರು ಬೆಳಗ್ಗೆಯೇ ಮುಖ್ಯ ಅತಿಥಿಯನ್ನು ಕರೆತರಲು ಹೊರಟುಹೋದರು. ಸಂಜೆ ಅನಾವರಣವಾಗಬೇಕಿದ್ದ ಗೋಡೆಯ ಮೇಲೆ ಆಗ ಒಂದು ಟೈಲೂ ಇರಲಿಲ್ಲ.

ಅದು ಬಂದರು ಊರು. ಒಂದು ಕಾಲದಲ್ಲಿ ದೂರದ ದೇಶದ ದೊರೆಗಳು ಹಡಗಿನಲ್ಲಿ ಬಂದು, ಕೋಟೆ ಕಟ್ಟಿಸಿ, ಫಿರಂಗಿ ಇಟ್ಟು, ಇದ್ದದ್ದನ್ನೆಲ್ಲ ಹಡಗಿಗೆ ತುಂಬಿಕೊಂಡು ಹೋಗಿದ್ದರು. ತಮ್ಮನ್ನು ಇಷ್ಟು ಅಚ್ಚುಕಟ್ಟಾಗಿ ದೋಚಿದವರನ್ನು ಮರೆಯಲಾದೀತೆ? ಕಚೇರಿಯ ಮುಂಬಾಗಿಲ ಹಜಾರದಲ್ಲಿ ಆ ವೈಭವವನ್ನು ಬಣ್ಣದ ಪಿಂಗಾಣಿ ಟೈಲುಗಳಲ್ಲಿ ಮೂಡಿಸಬೇಕೆಂದು ತೀರ್ಮಾನವಾಗಿತ್ತು. ಎಡಕ್ಕೆ ಊರು, ಅದರ ಪಕ್ಕ ಕೋಟೆ ಮತ್ತು ಕಡಲಿನತ್ತ ಬಾಯಿ ಮಾಡಿದ ಫಿರಂಗಿ, ನಡುವೆ ಆಳೆತ್ತರದ ಕಪ್ತಾನ ದೊರೆ, ಬಲಕ್ಕೆ ಹಡಗುಗಳು. ಮುಖ್ಯ ಅತಿಥಿ ಆ ಕಪ್ತಾನನ ವಂಶದ ಕುಡಿ. ಅವರನ್ನು ಖುಷಿಪಡಿಸಿ ಅವರ ದೇಶವನ್ನೊಮ್ಮೆ ಪುಕ್ಕಟೆ ಸುತ್ತಿಬರುವ ಆಸೆ ಸಾಹೇಬರದು.

ಟೈಲು ಜೋಡಿಸುವ ಉಸ್ತುವಾರಿ ಬಿದ್ದದ್ದು ತಾತ್ಕಾಲಿಕನ ತಲೆಗೆ. ಆತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ತಾತ್ಕಾಲಿಕ ಗುಮಾಸ್ತನಾಗಿ ಸೇರಿ, ಕೂದಲು ನರೆಯುವವರೆಗೂ ತಾತ್ಕಾಲಿಕನಾಗಿಯೇ ಉಳಿದದ್ದರಿಂದ ಕಚೇರಿಯವರು ಆ ಹೆಸರನ್ನು ಮರೆತಿದ್ದರು. ಈಗ ಒಂದು ಖಾಯಂ ಹುದ್ದೆ ಖಾಲಿಯಾಗಿತ್ತು. ಗೋಡೆ ಚೆನ್ನಾಗಿ ಬಂದರೆ ಸಂಜೆ ವೇದಿಕೆಯ ಮೇಲೇ ಹುದ್ದೆ ಘೋಷಿಸುತ್ತೇನೆ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಆತನ ಹೆಂಡತಿಯಂತೂ ಆ ಸುದ್ದಿಯನ್ನು ಬೀದಿಗೆಲ್ಲ ಹಂಚಿ ಮುಗಿಸಿದ್ದಳು.

ಹುದ್ದೆಯ ಮೇಲೆ ಕಣ್ಣಿಟ್ಟವನು ಇನ್ನೊಬ್ಬನಿದ್ದ. ಅವನೂ ತಾತ್ಕಾಲಿಕನೇ, ಆದರೆ ಅಂಗಿಯಲ್ಲಿ ಒಂದು ಸುಕ್ಕೂ ಇಲ್ಲದ ಕಾರಣ ಅವನಿಗೆ ಇಸ್ತ್ರಿ ಎಂಬ ಅಡ್ಡಹೆಸರು. ಹೂಗುಚ್ಛ ಹಿಡಿದುಕೊಳ್ಳಲು ಸಾಹೇಬರು ಅವನನ್ನು ತಮ್ಮ ಜೊತೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು.

ಇತ್ತ ಹಜಾರದಲ್ಲಿ ತಾತ್ಕಾಲಿಕನೂ ಮೇಸ್ತ್ರಿಯೂ ಪೆಟ್ಟಿಗೆಗಳನ್ನು ಒಡೆದರು. ಬಣ್ಣಕ್ಕೆ ಗೀರು ಬೀಳಬಾರದೆಂದು ಪ್ರತಿ ಟೈಲಿನ ಮುಖಕ್ಕೂ ಕಾಗದ ಅಂಟಿಸಿದ್ದರು. ಗೋಡೆ ಮುಗಿಯುವವರೆಗೆ ಅದನ್ನು ಕೀಳಕೂಡದೆಂದು ಸಾಹೇಬರ ಕಟ್ಟಪ್ಪಣೆ. ನೋಡಿ ಹೋಲಿಸೋಣವೆಂದರೆ ನಕಲು ಬೀರುವಿನಲ್ಲಿತ್ತು, ಟೈಲುಗಳ ಬೆನ್ನಿನ ಮೇಲೆ ನಂಬರು ಮಾತ್ರ ಇತ್ತು.

"ಒಂದನೇ ನಂಬರು ಯಾವ ಕಡೆ ಬರಬೇಕು ಸಾರ್?" ಎಂದು ಮೇಸ್ತ್ರಿ ಕೇಳಿದ.

"ಇದೆಂಥ ಪ್ರಶ್ನೆ. ನಾವು ಓದೋದು ಎಡದಿಂದ ಬಲಕ್ಕೆ ತಾನೆ? ಹಾಗೇ ಹಚ್ಚು."

ಸುತ್ತ ನಿಂತವರೂ ಸುಮ್ಮನಿರಲಿಲ್ಲ. ಕಾವಲುಗಾರ ಹೌದು ಅಂದ, ಚಹಾ ತಂದವನು ಹೌದು ಅಂದ, ದಿನಾ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿಕೊಂಡು, "ಎಡದಿಂದಲೇ. ಇದರಲ್ಲಿ ಸಂಶಯ ಪಡೋನು ಶಾಲೆಗೇ ಹೋಗಿಲ್ಲ ಅಂತ ಅರ್ಥ" ಅಂದರು. ಇಷ್ಟು ಜನ ಒಂದೇ ಮಾತು ಹೇಳಿದ ಮೇಲೆ ತಪ್ಪಾಗದೆ ಇರಲು ಸಾಧ್ಯವೇ ಇರಲಿಲ್ಲ.

ಸಾಹೇಬರು ತರಿಸಿದ್ದ ಅಂಟು ಬಲು ಚುರುಕು. ಹಚ್ಚಿ ಚಹಾ ಕುಡಿದು ಬರುವಷ್ಟರಲ್ಲಿ ಕಲ್ಲಾಗುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೆ ತುಂಬಿತು. ತಾತ್ಕಾಲಿಕ ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿ, ಖಾಯಂ ನೌಕರನ ಗತ್ತಿನಲ್ಲಿ ಕಾಗದ ಕೀಳತೊಡಗಿದ.

ಮೊದಲು ಕಂಡದ್ದು ಒಂದು ಹಡಗಿನ ಮೂತಿ. ಅದು ತನ್ನದೇ ಹಿಂಭಾಗಕ್ಕೆ ಮುತ್ತಿಡುತ್ತಿತ್ತು. ಹಡಗಿನ ಹೊಟ್ಟೆ ಎರಡು ಹೋಳಾಗಿ ಆಚೆಗೊಂದು ಈಚೆಗೊಂದು ನೇತಾಡುತ್ತಿತ್ತು. ಆತ ಇನ್ನಷ್ಟು ಕಾಗದ ಕಿತ್ತ. ಎರಡು ಟೈಲುಗಳಲ್ಲಿ ಹಂಚಿಹೋಗಿದ್ದ ಕಪ್ತಾನ ದೊರೆಯ ಮುಖ ಹೊರಬಂತು. ನಡುವೆ ಕಿವಿಗೆ ಕಿವಿ ತಾಗಿಕೊಂಡಿತ್ತು. ಅರ್ಧ ಮೂಗು ಎಡಕ್ಕೆ, ಇನ್ನರ್ಧ ಬಲಕ್ಕೆ. ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಎರಡು ಕಣ್ಣುಗಳು ಒಂದನ್ನೊಂದು ನೋಡದೆ ದೂರ ಸರಿದು ನಿಂತಿದ್ದವು. ಇನ್ನು ಫಿರಂಗಿ. ಎಡಕ್ಕಿರಬೇಕಾದ ಊರು ಈಗ ಬಲಕ್ಕೆ ಬಂದು ಕೂತದ್ದರಿಂದ ಫಿರಂಗಿ ಸಮುದ್ರಕ್ಕೆ ಬೆನ್ನು ಹಾಕಿ ನೇರ ಊರಿನ ಮನೆಗಳಿಗೇ ಗುರಿ ಇಟ್ಟಿತ್ತು.

ತಾತ್ಕಾಲಿಕ ಒದ್ದೆ ಬಟ್ಟೆಯನ್ನು ಕೆಳಗೆಸೆದ. ಸ್ಟೂಲಿನ ಮೇಲೇ ಕೂತು ಟೈಲು ಕಾರ್ಖಾನೆಗೆ ಫೋನು ಮಾಡಿದ.

"ನಂಬರು ಹೇಗೆ ಹಾಕಿದ್ರಿ?"

"ಹೇಗೆ ಅಂದ್ರೆ?" ಎಂದ ಕಾರ್ಖಾನೆಯವನು. "ಸುಟ್ಟಾದ ಮೇಲೆ ಚಿತ್ರಾನ ಕೆಳಮುಖ ಮಾಡಿ ಪೂರ್ತಿ ಹಾಸಿ, ಬೆನ್ನ ಮೇಲೆ ಎಡದಿಂದ ನಂಬರು ಬರೀತೀವಿ. ಬೆನ್ನ ಕಡೆಯ ಎಡ ಅಂದ್ರೆ ಮುಖದ ಕಡೆಯ ಬಲ. ಬಲದಿಂದ ಶುರು ಮಾಡಬೇಕು. ಎಲ್ಲರಿಗೂ ಗೊತ್ತಿರೋದೇ."

"ಗೊತ್ತಿಲ್ಲದವರೂ ಇರ್ತಾರಲ್ಲ."

"ಅಂಥವರ ಕೈಗೆ ಈ ಕೆಲಸ ಯಾರು ಕೊಡ್ತಾರೆ ಬಿಡಿ ಸಾರ್" ಎಂದು ಆತ ನಕ್ಕು ಫೋನಿಟ್ಟ.

ಮೇಸ್ತ್ರಿ ಉಳಿ ಹಾಕಿ ಒಂದು ಟೈಲು ಎಬ್ಬಿಸಲು ನೋಡಿದ. ಟೈಲು ಏಳಲಿಲ್ಲ, ಉಳಿಯ ಬಾಯಿ ಮುರಿಯಿತು. "ಇದು ಇನ್ನು ಗೋಡೆ ಜೊತೇಲೇ ಬೀಳೋದು ಸಾರ್" ಎಂದು ಹೇಳಿ ಅವನು ಸಾಮಾನು ಕಟ್ಟಿಕೊಂಡ. ಮೇಷ್ಟ್ರು ಮುಖ ಸಿಂಡರಿಸಿ, "ನಾನು ಆಗಲೇ ಅಂದುಕೊಂಡೆ, ಬಲದಿಂದ ಇರಬೇಕು ಅಂತ" ಅಂದರು. ತಾತ್ಕಾಲಿಕನಿಗೆ ಅವರ ಕನ್ನಡಕವನ್ನು ಕಿತ್ತು ಗೋಡೆಗೆ ಅಂಟಿಸಿಬಿಡುವಷ್ಟು ಸಿಟ್ಟು ಬಂತು. ಆದರೆ ಅಂಟು ಖಾಲಿಯಾಗಿತ್ತು.

ಗೋಡೆಯನ್ನು ಮರೆಮಾಡಲು ಕಾವಲುಗಾರ ಹೂಕುಂಡಗಳನ್ನು ತಂದು ಸಾಲಾಗಿ ಇಟ್ಟ. ಅವು ಕಪ್ತಾನನ ಬೂಟುಗಳನ್ನು ಚೆನ್ನಾಗಿ ಮುಚ್ಚಿದವು. ಆ ಗೋಡೆಯಲ್ಲಿ ನೋಡಲು ಸರಿಯಾಗಿದ್ದದ್ದು ಆ ಬೂಟುಗಳೆರಡೇ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು. "ರೀ, ನಮ್ಮಣ್ಣ ಅತ್ತಿಗೇನೂ ಕರ್ಕೊಂಡು ಬರ್ತೀನಿ. ಖಾಯಂ ಆಗೋದನ್ನ ಅವರೂ ಕಣ್ಣಾರೆ ನೋಡಲಿ." ಆತ ಹ್ಞೂಂ ಅಂದ. ಫೋನಿಟ್ಟು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಕಡೆಗೆ ದಾರಿ ತೋರಿಸಿದವರು ಟೈಪಿಸ್ಟ್ ಅಕ್ಕ. ಆ ಕಚೇರಿಯಲ್ಲಿ ನಾಲ್ಕಾರು ಸಾಹೇಬರನ್ನು ಅರಗಿಸಿಕೊಂಡವರು ಅವರು. ಗೋಡೆಯನ್ನು ನೋಡಿದರು, ಅನಾವರಣಕ್ಕೆಂದು ಕಟ್ಟಿದ್ದ ಪರದೆ ಎಳೆದರು, ನಿಧಾನವಾಗಿ ಹೇಳಿದರು. "ಅಳಬೇಡ ಕಣೋ. ಹುದ್ದೆ ಅಂತೂ ಹೋಯ್ತು. ಈಗ ಇರೋ ಅನ್ನಾನಾದ್ರೂ ಉಳಿಸ್ಕೋ. ಈ ತಪ್ಪನ್ನ ಯಾರಿಗಾದ್ರೂ ಕೊಟ್ಟುಬಿಡು."

"ಇಂಥದ್ದನ್ನ ಯಾರು ತಗೋತಾರೆ ಅಕ್ಕ?"

"ತಪ್ಪು ಅಂತ ಕೊಟ್ರೆ ಯಾರೂ ತಗೊಳ್ಳಲ್ಲ. ಹೊಗಳಿಕೆ ಅಂತ ಕೊಡು, ಎರಡು ಕೈ ಚಾಚಿ ತಗೋತಾರೆ."

ಸಂಜೆ ಕಾರು ಬಂತು. ದಿನವಿಡೀ ಹೂಗುಚ್ಛ ಹಿಡಿದು ಕೈ ಜೋಮು ಹಿಡಿದಿದ್ದ ಇಸ್ತ್ರಿ, ಪರದೆ ಬಿದ್ದ ಗೋಡೆಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾ ನಿಂತಿದ್ದ. ತಾತ್ಕಾಲಿಕ ಅವನ ಭುಜದ ಮೇಲೆ ಕೈಯಿಟ್ಟ.

"ಯಾಕೋ ಮನಸ್ಸು ತಡೀಲಿಲ್ಲ ಕಣೋ. ನಿನಗೆ ಚಿಕ್ಕ ಮಕ್ಕಳು. ನನ್ನದೇನು, ಹೇಗೋ ಆಗುತ್ತೆ. ಈ ಗೋಡೆ ನಿನ್ನದೇ ಅಂತ ಸಾಹೇಬರಿಗೆ ಹೇಳಿಬಿಡ್ತೀನಿ."

ಇಸ್ತ್ರಿಯ ಕಣ್ಣು ಒದ್ದೆಯಾಯಿತು. ಬೇಡ ಅನ್ನುವ ಶಾಸ್ತ್ರವನ್ನೂ ಅವನು ಮಾಡಲಿಲ್ಲ.

ತಾತ್ಕಾಲಿಕ ಸಾಹೇಬರ ಬಳಿ ಹೋಗಿ ಕೈಕಟ್ಟಿ ನಿಂತ. "ಸಾರ್, ನಾನು ಬರೀ ಟೈಲು ಎತ್ತಿಕೊಟ್ಟೋನು. ಯಾವುದು ಎಲ್ಲಿ ಬರಬೇಕು ಅನ್ನೋ ಯೋಚನೆ ಎಲ್ಲ ಇವನದೇ. ನಿನ್ನೇನೇ ಹೇಳಿಕೊಟ್ಟಿದ್ದ."

"ಹೌದೇನಯ್ಯಾ?" ಎಂದರು ಸಾಹೇಬರು.

"ಎಲ್ಲ ತಮ್ಮ ಆಶೀರ್ವಾದ ಸಾರ್" ಎಂದ ಇಸ್ತ್ರಿ, ತಲೆ ತಗ್ಗಿಸಿ.

ಪರದೆ ಸರಿಯಿತು. ಚಪ್ಪಾಳೆಗೆ ಎತ್ತಿದ್ದ ಕೈಗಳು ಎತ್ತಿದಲ್ಲೇ ನಿಂತವು. ಸಾಹೇಬರ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ಇಸ್ತ್ರಿಯ ಅಂಗಿಯ ಮೇಲೆ, ಕಚೇರಿ ಸೇರಿದಾಗಿನಿಂದ ಮೊದಲ ಬಾರಿಗೆ, ಬೆವರಿನ ಸುಕ್ಕು ಮೂಡಿತು. ಹಿಂದಿನ ಸಾಲಿನಲ್ಲಿ ನಿಂತ ತಾತ್ಕಾಲಿಕನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಪಾಪ ಅಂತಲೂ ಅನ್ನಿಸಿತು, ಆದರೆ ತುಸು ತಡವಾಗಿ.

ಅತಿಥಿ ಮಾತ್ರ ಗೋಡೆಯನ್ನು ನೋಡುತ್ತಲೇ ಇದ್ದರು. ತಮ್ಮ ಪೂರ್ವಜನ ಮುಂದೆ ಹೋಗಿ ನಿಂತರು. ಒಂದು ಅರ್ಧ ಮೂಗು ನೋಡಿದರು, ಕತ್ತು ಆ ಕಡೆಗೆ ತಿರುಗಿಸಿ ಇನ್ನರ್ಧ ನೋಡಿದರು. ಫಿರಂಗಿಯ ಬಾಯಿ ಯಾವ ಕಡೆಗಿದೆ ಎಂದು ಬೆರಳಿಟ್ಟು ನೋಡಿದರು. ಆಮೇಲೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು ಮೈಕಿನ ಬಳಿ ಬಂದರು. ಅವರ ಮಾತನ್ನು ಸಾಹೇಬರೇ ನಮ್ಮ ಭಾಷೆಗೆ ತರುತ್ತಿದ್ದರು, ಅವರು ಏನನ್ನುತ್ತಾರೋ ಎಂದು ಅಂಜಿ ಅಂಜಿ.

"ನಮ್ಮ ದೇಶದಲ್ಲಿ ಈಗ... ಹಿರಿಯರು ಮಾಡಿದ್ದಕ್ಕೆ ನಾವು ತಲೆತಗ್ಗಿಸಿ ಓಡಾಡ್ತಿದೀವಿ ಅಂತಾರೆ. ಇಲ್ಲೂ ಇವನ ಗುಣಗಾನ ಕೇಳಬೇಕಲ್ಲ ಅಂತ ದಾರಿಯುದ್ದಕ್ಕೂ ಸಂಕಟಪಡ್ತಿದ್ದೆ ಅಂತಾರೆ. ಆದ್ರೆ ಈ ಗೋಡೆ... ಈ ಗೋಡೆ ನಿಜ ಹೇಳಿದೆ ಅಂತಾರೆ." ಸಾಹೇಬರ ದನಿ ನಿಧಾನಕ್ಕೆ ಗಟ್ಟಿಯಾಯಿತು. "ಒಂದೇ ಬಾಯಲ್ಲಿ ಎರಡು ಮಾತಾಡಿದ ಕಪ್ತಾನನಿಗೆ ಇದೇ ಸರಿಯಾದ ಮುಖ. ಎರಡು ಕಿವಿ ಇದ್ರೂ ಅವನು ಯಾರ ಗೋಳೂ ಕೇಳಲಿಲ್ಲ. ಕಾಯೋಕೆ ಅಂತ ತಂದ ಫಿರಂಗೀನ ಊರಿನ ಮೇಲೇ ತಿರುಗಿಸಿದ. ನನ್ನ ಎದುರಿಗೇ ಇದನ್ನ ಹೇಳೋ ಧೈರ್ಯ ಮಾಡಿದ ಕಲಾವಿದ ಯಾರು, ಅವರ ಕೈ ಕುಲುಕಬೇಕು ಅಂತ ಕೇಳ್ತಿದಾರೆ."

ಹಜಾರ ಚಪ್ಪಾಳೆಯಿಂದ ತುಂಬಿತು. ಸಾಹೇಬರು ಇಸ್ತ್ರಿಯನ್ನು ರೆಟ್ಟೆ ಹಿಡಿದು ವೇದಿಕೆಗೆ ಎಳೆದುಕೊಂಡು ಹೋದರು. ಅತಿಥಿ ಅವನನ್ನು ಅಪ್ಪಿಕೊಂಡರು. ತಮ್ಮ ದೇಶಕ್ಕೆ ಅವನನ್ನೂ ಸಾಹೇಬರನ್ನೂ ಕರೆದರು. ಊರಿನ ಗ್ರಂಥಾಲಯಕ್ಕೂ ಇಂಥದ್ದೇ ಒಂದು ಗೋಡೆ ಆಗಬೇಕು ಅಂದರು. ಖಾಯಂ ಹುದ್ದೆ ಘೋಷಣೆಯಾಯಿತು. ಮೂರನೇ ಸಾಲಿನಲ್ಲಿ ಕೂತಿದ್ದ ತಾತ್ಕಾಲಿಕನ ಹೆಂಡತಿ, "ಅದು ಯಾರ್ರೀ ನಿಮ್ಮ ಜಾಗದಲ್ಲಿ ನಿಂತಿರೋದು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಅವಳ ಅಣ್ಣ ಅತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತಾತ್ಕಾಲಿಕನಿಗೆ ತಡೆಯಲಾಗಲಿಲ್ಲ. ಜನರನ್ನು ತಳ್ಳಿಕೊಂಡು ವೇದಿಕೆಯ ಮೆಟ್ಟಿಲಿಗೆ ಬಂದ.

"ಸಾರ್, ಅದು ನನ್ನ ತಪ್ಪು ಸಾರ್. ಪೂರ್ತಿ ನನ್ನದೇ ತಪ್ಪು. ಇವನದೇನೂ ಇಲ್ಲ."

ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದು ಹಲ್ಲು ಕಚ್ಚಿದರು. "ನಾಚಿಕೆ ಆಗಲ್ವೇನಯ್ಯಾ? ಆಗ ನೀನೇ ಬಂದು ಬರೀ ಎತ್ತಿಕೊಟ್ಟೆ ಅಂದೆ. ಈಗ ಹೆಸರು ಬಂದ ಕೂಡಲೇ ಇನ್ನೊಬ್ಬರ ತಪ್ಪನ್ನ ನಂದು ಅಂತೀಯಾ?"

ಇಸ್ತ್ರಿ ದೊಡ್ಡ ಮನಸ್ಸು ಮಾಡಿದ. "ಬಿಡಿ ಸಾರ್, ಪಾಪ. ಅತಿಥಿಗಳು ಗ್ರಂಥಾಲಯಕ್ಕೂ ಇಂಥದ್ದೇ ಒಂದು ಗೋಡೆ ಬೇಕು ಅಂದ್ರಲ್ಲ, ಅದರಲ್ಲಿ ಇವನಿಗೂ ಕೆಲಸ ಕೊಡೋಣ, ತಾತ್ಕಾಲಿಕವಾಗಿ." ಆಮೇಲೆ ಮೆಟ್ಟಿಲು ಇಳಿದು ಬಂದು ತಾತ್ಕಾಲಿಕನ ಕಿವಿಯ ಹತ್ತಿರ ಬಗ್ಗಿದ. "ಈ ಸಲ ಮಾತ್ರ ಟೈಲು ನೀನೇ ಜೋಡಿಸಬೇಕು ಕಣೋ. ನಾನು ಜೋಡಿಸಿದ್ರೆ ಸರಿಯಾಗಿಬಿಡುತ್ತೆ."