ತೇಲಿದ ನೆಲ, ಉಳಿದ ಮೀಸೆ

ನನ್ನ ಭಾಮೈದ ವೆಂಡೆಲ್ ಆಡಿದ ಮಾತನ್ನು ನಾನು ಸತ್ತರೂ ಮರೆಯುವುದಿಲ್ಲ. "ಭಾವ, ನಿಮ್ಮದು ದೋಣಿಯಲ್ಲ, ತಗಡಿನ ಡಬ್ಬ! ನೀವು ಕಾಲಿಟ್ಟ ಸದ್ದಿಗೆ ಮಿನ್ನೆಸೋಟದ ಮೀನೆಲ್ಲ ಕೆನಡಾಕ್ಕೆ ಓಡ್ತವೆ!" ಅದೂ ದೋಣಿಕಟ್ಟೆಯಲ್ಲಿ, ಎಲ್ಲರೆದುರು! ನನ್ನ ಹೆಂಡತಿ ಮಾರ್ಲಿಸಳೂ ನಕ್ಕಳು. "ಮುಂದಿನ ವರ್ಷ ನಾನು ತಮ್ಮನ ದೋಣೀಲೇ ಕೂರ್ತೀನಿ ಕಣ್ರೀ."

ನಮ್ಮಲ್ಲಿ ಮೀನು ಹಿಡಿಯುವ ಕಾಲ ಶುರುವಾಗುವುದೂ ಅಮ್ಮಂದಿರ ದಿನವೂ ಸಾಮಾನ್ಯವಾಗಿ ಒಂದೇ ವಾರಾಂತ್ಯಕ್ಕೆ ಬೀಳುತ್ತವೆ. ಅಂಥ ದಿನ ಹೆಂಡತಿ ಬೇರೆಯವರ ದೋಣಿ ಹತ್ತುವುದೆಂದರೆ ನನ್ನ ಮಾನವೇ ಕೆರೆಪಾಲು!

"ನನ್ನ ದೋಣಿಗೆ ಅರಮನೆಯಂಥ ನೆಲ ಹಾಕ್ತೀನಿ ಕಣೇ! ಬೇಕಾದಾಗ ಎತ್ತಿಡೋ ನೆಲ! ಕೈಕೊಟ್ರೆ ಮೀಸೆ ಬೋಳಿಸ್ಕೋತೀನಿ!" ಎಂದು ಗುಡುಗಿದೆ.

ಚಳಿಗಾಲವಿಡೀ ಪ್ಲೈವುಡ್ ಕೊಯ್ದೆ. ಅಳತೆ ತಪ್ಪಿದಾಗಲೆಲ್ಲ ಗರಗಸಕ್ಕೆ ಬೈದೆ. ಸದ್ದಾಗದಿರಲೆಂದು ಕೆಳಗೆ ದಪ್ಪ ಥರ್ಮಾಕೋಲ್, ಮೇಲೆ ಕಾರ್ಪೆಟ್ಟು, ದೋಣಿಗೆ ಬಿಗಿಯಲು ಮೂಲೆಮೂಲೆಗೂ ಚಿಲಕ!

ಆ ದಿನ ಬಂತು. ಮಾರ್ಲಿಸ್ ಮಡಿಸುವ ಕುರ್ಚಿ ಹಾಕಿಕೊಂಡು ನೆಲದ ಮೇಲೆ ಮಹಾರಾಣಿಯಂತೆ ಮುಂದೆ ಕುಳಿತಳು. ನಾನು ಹಿಂಬದಿಯ ಹಲಗೆಯ ಮೇಲೆ.

"ನೆಲ ಎತ್ತೋಕೆ ಬರುತ್ತಾ ಭಾವ?" ವೆಂಡೆಲ್ ತನ್ನ ದೋಣಿಯಿಂದಲೇ ಕೆಣಕಿದ.

"ನೋಡೋ, ಕಣ್ಬಿಟ್ಟು ನೋಡು!" ಚಿಲಕಗಳನ್ನೆಲ್ಲ ಪಟಪಟನೆ ತೆಗೆದು ತೋರಿಸಿದೆ. ಅದೇ ಗತ್ತಿನಲ್ಲಿ, ಚಿಲಕ ಮತ್ತೆ ಹಾಕದೆ ಹಾಗೇ ಹೊರಟೂಬಿಟ್ಟೆ.

ದಡದಿಂದ ಇನ್ನೂ ಕೂಗಳತೆ ದೂರ. "ರೀ, ನಾನು ಮೇಲೇಳ್ತಿದೀನಾ?"

"ಒಳ್ಳೇ ನೆಲ ಅಂದ್ರೆ ಹಾಗೇ ಕಣೇ!"

"ಮತ್ತೆ ನೀವ್ಯಾಕ್ರೀ ಕೆಳಗಿಳೀತಿದೀರಾ?"

ಕಾಲುಚೀಲ ತಣ್ಣಗಾಯಿತು. ಎದೆಯೂ! ರಸ್ತೆಯಲ್ಲಿ ದೋಣಿ ಸಾಗಿಸುವಾಗ ಒಳಗಿನ ನೀರು ಬಸಿದುಹೋಗಲು ಹಿಂಬದಿಯ ತೂತಿನ ಬಿರಡೆ ಕಿತ್ತಿರಬೇಕು, ಇಲ್ಲಿಯ ಕಾನೂನು. ಕಿತ್ತಿದ್ದೆ. ನೀರಿಗಿಳಿಸುವಾಗ ಬರೀ ತೂತು ಕಣ್ಣಿಗೆ ಬಿದ್ದು ನೆನಪಾಗುತ್ತಿತ್ತು. ಈಗ ಅದರ ಮೇಲೆ ನನ್ನ ಅರಮನೆ! ಬಿರಡೆ ನನ್ನ ಜೇಬಿನಲ್ಲಿ!

ದೋಣಿ ತಳ ಸೇರಿತು. ನಾನು ಸೊಂಟಮಟ್ಟ ಐಸುನೀರಿನಲ್ಲಿ. ನೆಲ ಮಾತ್ರ ಕುರ್ಚಿ, ಕಾಫಿ ಫ್ಲಾಸ್ಕು, ಮಾರ್ಲಿಸಳ ಸಮೇತ ತೆಪ್ಪದಂತೆ ತೇಲಿತು. ಅಷ್ಟರಲ್ಲಿ ಅವಳ ಗಾಳದ ಕೋಲು ಬಾಗಬೇಕೇ! ತೋಳುದ್ದದ ವಾಲೈ ಮೀನು!

"ಸದ್ದೇ ಇಲ್ಲ ಕಣ್ರೀ ಈ ನೆಲ!" ಅವಳು ಕಿರುಚಿದಳು. ಕಟ್ಟೆಯ ಜನ ಚಪ್ಪಾಳೆ ತಟ್ಟಿದರು. ವೆಂಡೆಲ್ ಹಗ್ಗ ಎಸೆದು ಅವಳನ್ನು ಎಳೆದುಕೊಂಡ. ನನ್ನನ್ನಲ್ಲ!

ಸಂಜೆ ಹುರಿದ ಮೀನಿನ ತಟ್ಟೆಯ ಪಕ್ಕ ಅವಳು ರೇಜರ್ ಇಟ್ಟಳು.

"ಮುಳುಗಿದ್ದು ದೋಣಿ! ನೆಲ ಕೈಕೊಡ್ತಾ?" ಎಂದು ಎಗರಾಡಿದೆ.

"ಛೆ, ಅಷ್ಟು ಒಳ್ಳೇ ನೆಲ ಕೈಕೊಡುತ್ತಾ? ಅದಕ್ಕೇ ಅದನ್ನ ತಮ್ಮನ ದೋಣಿಗೆ ಹಾಕಿಸಿದೆ. ಇನ್ನು ನಾನು ಅಲ್ಲೇ ಕೂರೋದು."

ಈಗಲೂ ಪ್ರತಿ ವರ್ಷ ನನ್ನ ನೆಲದ ಮೇಲೆ ಕುಳಿತು ಅಕ್ಕ-ತಮ್ಮ ಮೀನು ಹಿಡಿಯುತ್ತಾರೆ. ನನ್ನ ಡಬ್ಬದ ಪಕ್ಕ ಹಾಯುವಾಗ ವೆಂಡೆಲ್ ತಪ್ಪದೆ ರೇಜರ್ ಎತ್ತಿ ತೋರಿಸುತ್ತಾನೆ. ನಾನು ಮೀಸೆ ತಿರುವುತ್ತೇನೆ. ಆ ಬಾಕಿ ತೀರಿಸಿಲ್ಲ, ತೀರಿಸುವುದೂ ಇಲ್ಲ!