ಅಳುವ ಕ್ಯಾಸೆಟ್ಟಿನ ರಿಪೇರಿ

ಪ್ಲಗ್ಗಿನ ವೈರು ಕಿತ್ತಿತ್ತು, ಅಷ್ಟೆ. ಅಸ್ಲಂ ಅದನ್ನು ಜೋಡಿಸಿ ಸುಮ್ಮನಾಗಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಸುಮ್ಮನಾಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರು ಅವನದು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಆ ದಿನ ಬೆಳಿಗ್ಗೆ ಕಾಲೇಜಿನ ಇಂಗ್ಲಿಷ್ ಮೇಡಂ ಸೌಭಾಗ್ಯ ಬಂದು ಒಂದು ಟೇಪ್‌ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಮುಂದಿಟ್ಟಿದ್ದರು. "ಸಂಜಿ ಐದಕ್ಕ ಬಂಗಾರಪ್ಪ ಸರ್‌ಗೆ ನುಡಿನಮನ ಐತ್ರಿ. ಅವರು ದಿನಾ ಕೇಳ್ತಿದ್ದ ಪಿಯಾನೊ ಇದರಾಗೈತಿ. ಇದು ಆನ್ ಆಗವಲ್ದು, ನೋಡ್ರಿ. ನಾಲ್ಕಕ್ಕ ಬರ್ತೀನಿ."

ಬಂಗಾರಪ್ಪನವರು ಕಾಲೇಜಿನ ಹಳೆಯ ಪ್ರಿನ್ಸಿಪಾಲರು, ಹೋದ ವಾರ ತೀರಿಕೊಂಡವರು. ಅವರ ಸಭೆಗೆ ಆಡಳಿತ ಮಂಡಳಿಯ ಗಾದಿಲಿಂಗಪ್ಪನವರು ಬಾರದೆ ಇರುತ್ತಾರೆಯೆ? ಕಾಲೇಜಿನ ಮೈಕು, ಸ್ಪೀಕರುಗಳನ್ನು ನೋಡಿಕೊಳ್ಳುವ ಕೆಲಸ ಯಾರಿಗೆಂದು ತೀರ್ಮಾನಿಸುವವರು ಅವರೇ. ಆ ಕೆಲಸಕ್ಕಾಗಿ ಮೂರು ವರ್ಷದಿಂದ ಅವರ ಮನೆಗೆ ಅಲೆದು ಅಸ್ಲಂ ಚಪ್ಪಲಿ ಸವೆಸಿದ್ದ. ಇವತ್ತು ಅವರ ಕಣ್ಣಿಗೆ ಬಿದ್ದೇ ತೀರಬೇಕೆಂದು ಹಟ ತೊಟ್ಟ.

ವೈರು ಜೋಡಿಸಿ ಗುಂಡಿ ಒತ್ತಿದ. "ಡೊಂ..." ಎಂದಿತು ಪಿಯಾನೊ. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು "ಡೊಂ..." ಪಾತಾಳದ ಸ್ವರ, ತುಂಬು ಗಬ್ಬದ ಎಮ್ಮೆಯ ನಡಿಗೆ.

"ಬೆಲ್ಟ್ ಸಡಲಾಗೈತಿ," ಎಂದ ಅಸ್ಲಂ.

ಪಕ್ಕದ ಚಹಾದಂಗಡಿಯ ಹುಲುಗಣ್ಣ ಚಹಾ ಸೋಸುವ ಅರಿವೆ ಹಿಡಿದೇ ಓಡಿಬಂದ. "ಬ್ಯಾರೆ ಕ್ಯಾಸೆಟ್ ಹಾಕಿ ನೋಡಲೇ."

"ಇಪ್ಪತ್ತು ವರ್ಷದ ಕಿವಿ ಐತಲೇ ನಂದು! ಬ್ಯಾರೆ ಕ್ಯಾಸೆಟ್ ಯಾಕ ಬೇಕು?"

ಹೊಸ ಬೆಲ್ಟ್ ಹಾಕಿದ. ಡೊಂ. ಮೋಟರಿಗೆ ಎಣ್ಣೆ ಬಿಟ್ಟ. ಡೊಂ. ಕ್ಯಾಸೆಟ್ಟನ್ನು ಅಂಗೈಗೆ ನಾಲ್ಕು ಸಲ ಬಡಿದ. ಅದೇ ಡೊಂ. ಕೂಡ್ಲಿಗಿ ಬಸ್ಸಿಗೆ ಕಾದಿದ್ದವರೆಲ್ಲ ಅಂಗಡಿಯ ಮುಂದೆ ನೆರೆದರು. ಕರೆಂಟು ಕಮ್ಮಿ ಐತಿ ಎಂದ ಒಬ್ಬ. ಬಾರಿಸುವವನೇ ಮುದುಕ ಇರಬೇಕು ಎಂದ ಇನ್ನೊಬ್ಬ. ಹೂ ಮಾರುವ ಅಂಜಿನಕ್ಕ ಬುಟ್ಟಿ ಇಳಿಸಿ, "ಯಾರು ಹೋದ್ರೋ ಯಪ್ಪಾ?" ಎಂದು ಸೆರಗು ಬಾಯಿಗೆ ಹಚ್ಚಿದಳು.

ಅಸ್ಲಂ ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ. ಮೋಟರಿನ ಬೆನ್ನಿಗೊಂದು ಸಣ್ಣ ತೂತು, ಅದರೊಳಗೆ ವೇಗ ಏರಿಸಿ ಇಳಿಸುವ ಸ್ಕ್ರೂ. ಹಲ್ಲು ಕಚ್ಚಿ ಅದನ್ನು ತಿರುಗಿಸಿದ. ಪಿಯಾನೊ ಎದ್ದು ಕುಳಿತಿತು. ಇನ್ನೊಂದು ಸುತ್ತಿಗೆ ಶ್ರುತಿ ಏರಿತು, ಮತ್ತೊಂದಕ್ಕೆ ಪಿಯಾನೊ ಕುಣಿಯತೊಡಗಿತು. ಮದುವೆ ಬ್ಯಾಂಡೇ ಬಂದಂತಾಗಿ ಜನ ಚಪ್ಪಾಳೆ ತಟ್ಟಿದರು. ಹುಲುಗಣ್ಣ ಅರಿವೆ ಬೀಸಿ ಎರಡು ಹೆಜ್ಜೆ ಹಾಕಿಯೇಬಿಟ್ಟ.

"ನೋಡಿದ್ಯೇನಲೇ ಕಿವಿ ಅಂದ್ರ?" ಎಂದು ಅಸ್ಲಂ ಎದೆ ಸೆಟೆಸಿದ.

ನಾಲ್ಕಕ್ಕೆ ಬಂದ ಸೌಭಾಗ್ಯ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. "ಅಯ್ಯಯ್ಯೋ! ಇದೇನ್ ಮಾಡೀರಿ? ಇದು ಶೋಕದ ಸಂಗೀತ್ರಿ! ನಿಧಾನ ನಡಿಗಿ, ತಗ್ಗಿನ ಸ್ವರ, ಎದಿ ಭಾರ ಆಗೋ ಭಾವ, ಮೂರೂ ಬೇಕಂತನ ಇಟ್ಟಾರ. ಇಂಥಾ ಅಳು ತರಸೋ ಸ್ವರಜೋಡಣಿಗೆ ಮೈನರ್ ಅಂತಾರ. ನಾ ಹೇಳಿದ್ದು ಆನ್ ಆಗವಲ್ದು ಅಂತ ಒಂದ!"

ಅಸ್ಲಂ ತಟ್ಟನೆ ಸ್ಕ್ರೂಡ್ರೈವರ್ ಎತ್ತಿಕೊಂಡ. ಮೊದಲು ಸ್ಕ್ರೂ ಎಲ್ಲಿತ್ತೆಂದು ಅವನು ಗುರುತು ಹಾಕಿಕೊಂಡಿರಲಿಲ್ಲ. ಎಷ್ಟು ನಿಧಾನವೆಂದು ಕೇಳಿದರೆ, "ಅಳು ಬರೋವಷ್ಟು," ಎಂದರು ಮೇಡಂ.

"ಹಂಗಾದ್ರ ಆತು ಬಿಡ್ರಿ! ಯಕ್ಕಾ, ಬಾ ಇಲ್ಲಿ!"

ಸತ್ತವರ ಮನೆಯಲ್ಲಿ ಹಾಡ್ಯಾಡಿ ಅಳುವುದರಲ್ಲಿ ಅಂಜಿನಕ್ಕ ಊರಿಗೇ ಹೆಸರಾದವಳು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಅಸ್ಲಂ ಸ್ಕ್ರೂ ಇಳಿಸುತ್ತ ಹೋದ.

"ಬಂತೇನ್ ಯಕ್ಕಾ?"

"ಇನ್ನಾ ಇಲ್ಲಪ್ಪ. ನಗಿ ಬರ್ತೈತಿ."

"ಈಗ?"

"ಗಂಟಲ ಮಟ ಬಂದೈತಿ. ಇನ್ನೊಂಚೂರು ಇಳಸು."

ಇನ್ನೊಂಚೂರಿಗೆ ಅಂಜಿನಕ್ಕ, "ಯಪ್ಪಾ, ನನ್ನ ಬಿಟ್ಟು ಹೋದ್ಯೇನೋ!" ಎಂದು ಎದೆ ಬಡಿದುಕೊಂಡಳು. ಹುಲುಗಣ್ಣನೂ ಕಣ್ಣೊರೆಸಿಕೊಂಡು, "ಮನಷ್ಯಾನ ದುಃಖ ಎಲ್ಲಾ ಒಂದು ಸ್ಕ್ರೂದಾಗ ಐತೇನಲೇ!" ಎಂದ. ಯಾವುದಕ್ಕೂ ಇರಲಿ ಎಂದು ಅಸ್ಲಂ ಮತ್ತರ್ಧ ಸುತ್ತು ಇಳಿಸಿ, ಟೇಪ್‌ರೆಕಾರ್ಡರನ್ನು ತಾನೇ ಹೊತ್ತುಕೊಂಡು ಕಾಲೇಜಿಗೆ ನಡೆದ.

ಸಭೆಯಲ್ಲಿ ಪಿಯಾನೊ ಶುರುವಾದದ್ದೇ ತಡ, ಇಡೀ ಹಾಲ್ ಮೂಗು ಸೀಟತೊಡಗಿತು. ಬಂಗಾರಪ್ಪನವರನ್ನು ಕಂಡರೆ ಆಗದಿದ್ದ ಗುಮಾಸ್ತರೂ ಅತ್ತರು. ಗಾದಿಲಿಂಗಪ್ಪನವರು ಶಲ್ಯದಿಂದ ಕಣ್ಣೊರೆಸಿಕೊಂಡು ಅಸ್ಲಂನನ್ನು ಹತ್ತಿರ ಕರೆದರು. "ಭಾಳ ಚಲೋ ರಿಪೇರಿ ಮಾಡೀಯಪ್ಪ. ಸಭಾ ಮುಗದ ಮ್ಯಾಲೆ ನನ್ನ ಕಾಣು. ಮೈಕಿನ ಕೆಲಸದ್ದು ಮಾತಾಡೂನು."

ಅಸ್ಲಂನಿಗೆ ಆಕಾಶ ಮೂರೇ ಗೇಣು.

ಆಗ ಸೌಭಾಗ್ಯ ಮೇಡಂ ಕ್ಯಾಸೆಟ್ ತಿರುವಿ ಹಾಕಿದರು. "ಇನ್ನೊಂದು ಮಗ್ಗಲಿಗೆ ಸರ್ ನಿವೃತ್ತಿ ದಿನದ ಭಾಷಣ ಐತಂತ. ಹೊಸ ಕ್ಯಾಸೆಟ್ ದಂಡ ಅಂತ ಇದರಾಗ ತುಂಬ್ಸಿದ್ರಂತ. ನಾನಿನ್ನೂ ಕೇಳಿಲ್ಲ. ಎಲ್ರೂ ಕೂಡಿ ಕೇಳೂನು."

"ಆಆಆ...ತ್ಮೀಈಈ...ಯಅಅ...ರೇಏಏ..."

ಬಾವಿಗೆ ಬಿದ್ದ ಕೋಣ ಕೂಗಿದಂತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮುಂದಿನ ಸಾಲಿಗೂ ಹಬ್ಬಿತು. ಗಾದಿಲಿಂಗಪ್ಪನವರ ಹುಬ್ಬು ಗಂಟಾಯಿತು.

ಮೂರು ವರ್ಷದ ಅಲೆದಾಟ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಬಿಟ್ಟಾನೆಯೆ ಅಸ್ಲಂ? ಜೇಬಿನಿಂದ ಸ್ಕ್ರೂಡ್ರೈವರ್ ಹಿರಿದು ವೇದಿಕೆಗೆ ಹಾರಿದ. ಒಂದು ತಿರುವಿಗೆ ಪ್ರಿನ್ಸಿಪಾಲರು ಬೆಕ್ಕಿನ ಮರಿಯಾದರು. ಸಭೆ ಹೋ ಎಂದಿತು. ಬೆವರೊರೆಸಿಕೊಂಡು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ, ಇನ್ನೊಂದೆಳೆ ತಿರುಗಿಸಿದ. ಸ್ವಚ್ಛವಾದ, ಗಂಭೀರವಾದ ಬಂಗಾರಪ್ಪನವರ ದನಿ ಹಾಲ್ ತುಂಬ ಮೊಳಗಿತು.

"ಹಾಂ! ಇದ ನೋಡ್ರಿ ನಮ್ಮ ಸರ್!" ಎಂದರು ಜನ. ಚಪ್ಪಾಳೆ ಬಿತ್ತು. ಗಾದಿಲಿಂಗಪ್ಪನವರ ಮುಖ ಅರಳಿತು. ಅಸ್ಲಂ ಕೈ ಮುಗಿದು ಅಲ್ಲೇ ನಿಂತ.

"...ಕೊನಿಗೊಂದು ಮಾತು ಹೇಳ್ತೀನಿ," ಎಂದಿತು ದನಿ. "ಕೋಣಿ ಬಿಡೂವಾಗ ಫ್ಯಾನ್ ಆರಿಸ್ರಿ. ಮೈಕ್ ಕೆಟ್ರ ಹೊಸಪೇಟಿಗೆ ಒಯ್ರಿ, ಹರಿಹರಕ್ಕ ಒಯ್ರಿ, ಬಸ್‌ಸ್ಟ್ಯಾಂಡ್ ಅಸ್ಲಂನ ಕೈಯಾಗ ಮಾತ್ರ ಕೊಡಬ್ಯಾಡ್ರಿ. ಮನಷ್ಯಾ ಒಳ್ಳೇವ. ಕೆಟ್ಟಿದ್ದನ್ನ ಕಣ್ಣು ಮುಚ್ಚಿ ಬಿಡೋದ್ರಾಗ ಸರಿ ಮಾಡ್ತಾನ. ಆದ್ರ ಆಮ್ಯಾಲೆ ಕೆಡದೇ ಇದ್ದದ್ದಕ್ಕ ಕೈ ಹಚ್ತಾನ."

ಅಸ್ಲಂನ ಕೈ ಮತ್ತೆ ಸ್ಕ್ರೂವಿನ ಕಡೆಗೆ ಸರಿಯಿತು. ಗಾದಿಲಿಂಗಪ್ಪನವರು ಎದ್ದು ಬಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮುಟ್ಟಬ್ಯಾಡಪ್ಪ. ಈಗ ಸರಿಯಾಗೇ ಐತಿ."